ಮಾರ್ಚ್‌ನಲ್ಲಿ ಬಾಂದಾರದ ನೀರು ಕೆಡುವುದನ್ನು ಮುಂಚೆಯೇ ಹೇಳಲು ಬರುತ್ತದೆಯೇ?

ಪ್ರಶ್ನೆ: ನಮ್ಮದು ಮುಧೋಳ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. ನಾನು ಗ್ರಾಮ ಪಂಚಾಯಿತಿ ಸದಸ್ಯ. ಮಾಲಿನ್ಯ ನಿಯಂತ್ರಣ ಮಂಡಳಿಯ ತಿಂಗಳ ಪಟ್ಟಿಯಲ್ಲಿ ನಮ್ಮ ಭಾಗದ ಹೊಳೆ ನೀರಿಗೆ ‘ಸಿ’ ದರ್ಜೆ ಇದೆ. ಆದರೂ ಕಳೆದ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಬಾಂದಾರದ (ಹಲಗೆ ಹಾಕಿ ನೀರು ನಿಲ್ಲಿಸುವ ಹೊಳೆಯ ಅಡ್ಡಗಟ್ಟೆ) ಹಿಂದೆ ಮೀನು ಸತ್ತು ತೇಲಿದವು. ಹತ್ತಿರದಲ್ಲಿ ಯಾವ ನಾಲಾ ಕೂಡ ಹೊಳೆಗೆ ಸೇರುವುದಿಲ್ಲ. ಇನ್ನು ಊರ ಬೋರ್‌ವೆಲ್ ನೀರನ್ನು ಕಿಟ್‌ನಲ್ಲಿ ನೋಡಿದಾಗ ನೈಟ್ರೇಟ್ 10 ಮತ್ತು 20ರ ನಡುವೆ ಬಂತು, ‘ಸುರಕ್ಷಿತ’ ಎಂದು ಬರೆದರು. ಪ್ರಯೋಗಾಲಯದ ವರದಿಯಲ್ಲಿ 62, ‘ಕುಡಿಯಲು ಯೋಗ್ಯವಲ್ಲ’. ಯಾವುದನ್ನು ನಂಬಬೇಕು? ಮಳೆಯ ಮುನ್ಸೂಚನೆ ಕೊಡುವ ಹಾಗೆ ಇಡೀ ದೇಶದ ನೀರಿನ ಗುಣಮಟ್ಟವನ್ನೂ ಕಂಪ್ಯೂಟರ್ ಮುಂಚಿತವಾಗಿ ಹೇಳುತ್ತದೆ ಅಂತ ಓದಿದೆ. ಹಾಗಿದ್ದರೆ ನಮ್ಮೂರಿಗೆ ಯಾಕೆ ಯಾರೂ ಹೇಳುವುದಿಲ್ಲ? ಪಂಚಾಯಿತಿಯಿಂದ ನಾವೇನು ಮಾಡಬಹುದು?

ಉತ್ತರ: ನೈಟ್ರೇಟಿನಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿ ಜಗಳವೇ ಇಲ್ಲ. ಬಹುತೇಕ ಎರಡೂ ವರದಿ ಒಂದೇ ಮಾತು ಹೇಳುತ್ತಿವೆ. ನೈಟ್ರೇಟನ್ನು ಎರಡು ರೀತಿ ಬರೆಯುವ ರೂಢಿ ಇದೆ. ಒಂದರಲ್ಲಿ ಅದರೊಳಗಿನ ಸಾರಜನಕದ ತೂಕ ಮಾತ್ರ, ಇನ್ನೊಂದರಲ್ಲಿ ಆಮ್ಲಜನಕವೂ ಸೇರಿ ಇಡೀ ನೈಟ್ರೇಟಿನ ತೂಕ. ಮೊದಲನೆಯದನ್ನು 4.43ರಿಂದ ಗುಣಿಸಿದರೆ ಎರಡನೆಯದು ಸಿಗುತ್ತದೆ. ನಿಮ್ಮ ಕಿಟ್‌ನ 10–20 ಅಂದರೆ 44ರಿಂದ 89. ಪ್ರಯೋಗಾಲಯದ 62 ಅದರ ನಡುವೆಯೇ ಇದೆ. ಐಎಸ್ 10500 ಮಾನಕ ಹೇಳುವ ಲೀಟರಿಗೆ 45 ಮಿಲಿಗ್ರಾಂ ಮಿತಿ ಇಡೀ ನೈಟ್ರೇಟಿನದು. ಸಾರಜನಕದ ಲೆಕ್ಕಕ್ಕೆ ಇಳಿಸಿದರೆ ಅದು 10. ಕಿಟ್‌ನ ಬಣ್ಣದ ಪಟ್ಟಿಯ ಮೂಲೆಯಲ್ಲಿ ಸಣ್ಣದಾಗಿ ಇಂಗ್ಲಿಷಿನ ‘ಎನ್’ ಅಕ್ಷರ ಅಡ್ಡಗೀಟಿನ ಜೊತೆ ಇದೆಯೇ ನೋಡಿ. ಇದ್ದರೆ ಪರೀಕ್ಷೆ ಮಾಡಿದವರು ಬಣ್ಣವನ್ನು ಸರಿಯಾಗಿ ಓದಿ, ತಪ್ಪು ಮಿತಿಯ ಜೊತೆ ಹೋಲಿಸಿದ್ದಾರೆ. ಕಿಟ್ ಪರೀಕ್ಷೆಗಳಲ್ಲಿ ಸುಲಭವಾಗಿ ಆಗುವ ತಪ್ಪು ಇದು.

62 ಇರುವ ನೀರನ್ನು ಆರು ತಿಂಗಳೊಳಗಿನ ಕೂಸಿಗೆ ಹಾಲಿನ ಪುಡಿ ಕಲಸಲು ಬಳಸಲೇಬಾರದು. ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ಬ್ಲೀಚಿಂಗ್ ಪೌಡರ್‌ಗೂ ಅದು ಜಗ್ಗುವುದಿಲ್ಲ. ಶುದ್ಧ ನೀರಿನ ಘಟಕದ ಆರ್‌ಒ ಪೊರೆ ತೆಗೆಯುತ್ತದೆ, ಇಲ್ಲವೇ ಬೆರಕೆ ಮಾಡಬೇಕು. ಬಹುಗ್ರಾಮ ಯೋಜನೆಯ ನೀರಿನಲ್ಲಿ ನೈಟ್ರೇಟ್ 8 ಇದೆ ಅಂದುಕೊಳ್ಳಿ. ಮೇಲಿನ ಟ್ಯಾಂಕಿನಲ್ಲಿ ಅರ್ಧಕ್ಕರ್ಧ ಬೆರೆಸಿದರೆ 35 ಆಗುತ್ತದೆ. ಬೆರಕೆ ಟ್ಯಾಂಕಿನಲ್ಲೇ ಆಗಬೇಕು. ಒಂದು ದಿನ ಹೊಳೆ ನೀರು, ಮರುದಿನ ಬೋರ್ ನೀರು ಅಂತ ಪಾಳಿ ಹಚ್ಚಿದರೆ ಅದನ್ನು ಬೆರಕೆ ಅನ್ನಲಾಗದು.

ವರದಿ ಕೈಯಲ್ಲಿದೆಯಲ್ಲ, ಪ್ರಯೋಗಾಲಯವನ್ನೇ ಸ್ವಲ್ಪ ಪರೀಕ್ಷೆ ಮಾಡಿ ನೋಡಿ. ನೀರಿನಲ್ಲಿ ಕರಗಿದ ಲವಣಗಳು ವಿದ್ಯುತ್ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ ಇರುತ್ತವೆ; ಧನ ಅಯಾನುಗಳೂ ಋಣ ಅಯಾನುಗಳೂ ಸಮ ತೂಗಬೇಕು, ತಕ್ಕಡಿ ವಾಲುವಂತಿಲ್ಲ. ಕ್ಯಾಲ್ಸಿಯಂ ಅಂಕಿಯನ್ನು 20ರಿಂದ, ಮೆಗ್ನೀಸಿಯಂ ಅನ್ನು 12.15ರಿಂದ, ಸೋಡಿಯಂ ಅನ್ನು 23ರಿಂದ, ಪೊಟ್ಯಾಸಿಯಂ ಅನ್ನು 39ರಿಂದ ಭಾಗಿಸಿ ಕೂಡಿಸಿ. ಇನ್ನೊಂದು ಬದಿಗೆ ಬೈಕಾರ್ಬನೇಟನ್ನು 61ರಿಂದ, ಕ್ಲೋರೈಡನ್ನು 35.5ರಿಂದ, ಸಲ್ಫೇಟನ್ನು 48ರಿಂದ, ನೈಟ್ರೇಟನ್ನು 62ರಿಂದ ಭಾಗಿಸಿ ಕೂಡಿಸಿ. ಉದಾಹರಣೆಗೆ ಕ್ಯಾಲ್ಸಿಯಂ 120, ಮೆಗ್ನೀಸಿಯಂ 60, ಸೋಡಿಯಂ 200, ಪೊಟ್ಯಾಸಿಯಂ 5 ಇದ್ದರೆ ಮೊತ್ತ ಸುಮಾರು 19.8. ಬೈಕಾರ್ಬನೇಟ್ 427, ಕ್ಲೋರೈಡ್ 284, ಸಲ್ಫೇಟ್ 168, ನೈಟ್ರೇಟ್ 62 ಇದ್ದರೆ 19.5. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದಾಗ ಶೇ 5ರ ಒಳಗಿದ್ದರೆ ವರದಿ ನಂಬಬಹುದು. ಶೇ 10 ದಾಟಿದರೆ ಮರುಪರೀಕ್ಷೆ ಕೇಳಿ. ಇನ್ನೂ ಸುಲಭದ್ದು ಬೇಕೆಂದರೆ ಧನ ಅಯಾನುಗಳ ಮೊತ್ತವನ್ನು ನೂರರಿಂದ ಗುಣಿಸಿ. ನೀರಿನ ವಿದ್ಯುತ್ ವಾಹಕತೆ, ಅಂದರೆ ಇಸಿ, ಹೆಚ್ಚು ಕಡಿಮೆ ಅಷ್ಟೇ ಇರಬೇಕು, ಇಲ್ಲಿ 1,980ರ ಆಸುಪಾಸು. ವರದಿಯಲ್ಲಿ ಇಸಿ 1,100 ಅಂತ ಇದ್ದರೆ ಎಲ್ಲೋ ಬಾಟಲಿ ಅದಲುಬದಲಾಗಿದೆ. ಬರೀ ಪಿಎಚ್, ಗಡಸುತನ, ಟಿಡಿಎಸ್ ಮೂರೇ ಬರೆದು ಕೊಡುವ ವರದಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಪೂರ್ತಿ ಅಯಾನುಗಳ ವರದಿ ಕೇಳಿ ಪಡೆಯುವುದಕ್ಕೆ ಇದೇ ಕಾರಣ.

ಇನ್ನು ಮೀನಿನ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲಿ.

‘ಸಿ’ ದರ್ಜೆ ಅಂದರೆ ರೂಢಿಯ ಶುದ್ಧೀಕರಣ ಮತ್ತು ಕ್ಲೋರಿನ್ ಕೊಟ್ಟ ಮೇಲೆ ಕುಡಿಯಬಹುದಾದ ಮೂಲ. ಕರಗಿದ ಆಮ್ಲಜನಕ 4 ಅಥವಾ ಹೆಚ್ಚು, ಬಿಒಡಿ (ನೀರಿನಲ್ಲಿ ಕೊಳೆ ಎಷ್ಟಿದೆ ಎಂಬುದರ ಅಳತೆ, ವಿವರ ಮುಂದಿದೆ) 3 ಅಥವಾ ಕಡಿಮೆ, ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿ.ಲೀ.ಗೆ 5,000ದೊಳಗೆ ಇರಬೇಕು. (ಆಮ್ಲಜನಕ, ಬಿಒಡಿಯಂಥ ಅಂಕಿಗಳು ಇಲ್ಲಿಯೂ ಮುಂದೆಯೂ ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ.) ಈ ದರ್ಜೆ ಬರುವುದು ತಿಂಗಳಿಗೊಂದು ಬಾಟಲಿ ನೀರಿನಿಂದ. ವರ್ಷಕ್ಕೆ ನಾಲ್ಕು ಸಲ, ಬೇರೆ ಬೇರೆ ತಿಂಗಳಲ್ಲಿ, ಎರಡೆರಡು ದಿನ ಹೊಳೆ ಕೆಡುತ್ತದೆ ಅಂದುಕೊಳ್ಳಿ. ಮೂವತ್ತು ದಿನದಲ್ಲಿ ಯಾವುದೋ ಒಂದು ದಿನ ಬಾಟಲಿ ತುಂಬಿದರೆ ಆ ತಿಂಗಳ ಕೇಡು ತಪ್ಪಿಸಿಕೊಳ್ಳುವ ಸಂಭವ 30ಕ್ಕೆ 28. ನಾಲ್ಕೂ ಸಲ ತಪ್ಪಿಸಿಕೊಳ್ಳುವ ಸಂಭವ ಶೇ 76. ಯಾರೂ ಸುಳ್ಳು ಬರೆಯದೆಯೂ ವರ್ಷವಿಡೀ ‘ಸಿ’ ಬರಬಹುದು. ಇದರ ಮೇಲೆ ಹೊತ್ತಿನ ಪ್ರಶ್ನೆ ಬೇರೆ. ಸಿಬ್ಬಂದಿ ಜೀಪು ಹತ್ತಿ ನಿಮ್ಮ ಬಾಂದಾರ ಮುಟ್ಟುವಾಗ ಬೆಳಿಗ್ಗೆ ಹನ್ನೊಂದಾಗಿರುತ್ತದೆ. ನಿಂತ ಹಸಿರು ನೀರಿನ ಪಾಚಿ ಬಿಸಿಲಿಗೆ ಆಮ್ಲಜನಕ ಬಿಡಲು ಶುರು ಮಾಡಿರುತ್ತದೆ. ಅದೇ ನೀರು ಸೂರ್ಯ ಹುಟ್ಟುವ ಮೊದಲು ಉಸಿರುಗಟ್ಟಿದ ಸ್ಥಿತಿಯಲ್ಲಿ ಇದ್ದಿರಬಹುದು. ಮೀನು ಸಾಯುವುದು ಬೆಳಗಿನ ಜಾವ, ಬಾಟಲಿ ತುಂಬುವುದು ಬಿಸಿಲೇರಿದ ಮೇಲೆ.

‘ಹತ್ತಿರ ಯಾವ ನಾಲಾ ಇಲ್ಲ’ ಅಂದಿರಿ. ಅದಕ್ಕೇ ಮೀನು ನಿಮ್ಮಲ್ಲಿ ಸತ್ತಿರಬಹುದು. ಲೆಕ್ಕ ಹಾಕಿ ನೋಡಿ. ಬೇಸಿಗೆಯಲ್ಲಿ ಹೊಳೆಯಲ್ಲಿ 70 ಕ್ಯೂಸೆಕ್ ನೀರು, ಅದರ ಬಿಒಡಿ 2. ಮೇಲ್ಗಡೆ ಎಲ್ಲೋ ಒಂದು ನಾಲಾ 7 ಕ್ಯೂಸೆಕ್ ಕೊಳೆ ನೀರು ಸುರಿಯುತ್ತಿದೆ, ಬಿಒಡಿ 60. ಬೆರೆತ ಮೇಲೆ 70×2 ಮತ್ತು 7×60 ಕೂಡಿಸಿ 77ರಿಂದ ಭಾಗಿಸಿದರೆ 7.3. ಅದೇ ನಾಲಾ, ಅದೇ ಕೊಳೆ, ಜುಲೈನಲ್ಲಿ ಹೊಳೆ 7,000 ಕ್ಯೂಸೆಕ್ ಹರಿಯುವಾಗ ಬೆರೆತರೆ ಬರುವುದು 2.06, ಲೆಕ್ಕಕ್ಕೇ ಸಿಗುವುದಿಲ್ಲ.

ಬಿಒಡಿ ಅಂದರೆ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಬೇಡುವ ಆಮ್ಲಜನಕ. ಅವು ಒಂದೇ ಗಳಿಗೆಗೆ ಉಂಡು ಮುಗಿಸುವುದಿಲ್ಲ. ಹೊಳೆ ಹರಿಯುತ್ತಾ ಅವು ಆಮ್ಲಜನಕ ಕುಡಿಯುತ್ತವೆ, ಗಾಳಿಯಿಂದ ಹೊಸ ಆಮ್ಲಜನಕ ಇಳಿಯುತ್ತದೆ. ಈ ಖರ್ಚು–ಜಮೆಯ ಲೆಕ್ಕವನ್ನು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು ಅಮೆರಿಕದ ಓಹಾಯೊ ನದಿಗಾಗಿ 1925ರಲ್ಲಿ ಬರೆದರು. ನದಿ ನೀರನ್ನು ಲೆಕ್ಕ ಹಾಕುವ ಇಂದಿನ ದೊಡ್ಡ ದೊಡ್ಡ ಕಂಪ್ಯೂಟರ್ ಮಾದರಿಗಳ ಬೇರು ಅದೇ. ಮೇಲಿನ ನೀರಿಗೆ ಅದನ್ನು ಹಚ್ಚೋಣ. ನೀರಿನ ಉಷ್ಣತೆ 30 ಡಿಗ್ರಿ. ನಮ್ಮ ಎತ್ತರದಲ್ಲಿ ಆ ಉಷ್ಣತೆಗೆ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕವೇ ಸುಮಾರು 7.1. ನಾಲಾ ಸೇರಿದ ಜಾಗದಲ್ಲಿ 6 ಇದೆ ಎನ್ನಿ. ಬಿಒಡಿ 7.3 ಎಂಬುದು ಮೂರು ದಿನದ ಪರೀಕ್ಷೆಯ ಅಂಕಿ; ಕೊಳೆ ಪೂರ್ತಿ ತೀರುವವರೆಗಿನ ಬೇಡಿಕೆ ಸುಮಾರು 12 ಆಗುತ್ತದೆ. ದಿನಕ್ಕೆ 0.36ರ ದರದಲ್ಲಿ ಖರ್ಚು, ನಿಧಾನ ಹರಿವಾದ್ದರಿಂದ 0.5ರ ದರದಲ್ಲಿ ಜಮೆ. ಉತ್ತರ ಹೀಗೆ ಬರುತ್ತದೆ: ಆಮ್ಲಜನಕ ಅತಿ ಕೆಳಗಿಳಿಯುವುದು ಎರಡು ದಿನದ ನಂತರ, ಆಗ ಉಳಿಯುವುದು 3.1. ನೀರು ಸೆಕೆಂಡಿಗೆ 10 ಸೆಂಟಿಮೀಟರ್ ಸರಿದರೆ ಎರಡು ದಿನಕ್ಕೆ 17 ಕಿಲೋಮೀಟರ್. ಅಂದರೆ ನಾಲಾ ಬಾಯಲ್ಲಿ ಮೀನು ಆಡಿಕೊಂಡಿರುತ್ತವೆ, ಹದಿನೇಳು ಕಿಲೋಮೀಟರ್ ಕೆಳಗಿನ ಊರಿನವರು ಸತ್ತ ಮೀನು ಎತ್ತುತ್ತಾರೆ. 3.1 ಇಡೀ ದಿನದ ಸರಾಸರಿ. ಪಾಚಿ ದಟ್ಟವಾಗಿದ್ದರೆ ಮಧ್ಯಾಹ್ನ ಅದು 5ಕ್ಕೆ ಏರಿ, ನಸುಕಿನಲ್ಲಿ 1ಕ್ಕೆ ಇಳಿಯುತ್ತದೆ.

ಬಾಂದಾರ ಈ ಲೆಕ್ಕವನ್ನು ಇನ್ನೂ ಕೆಡಿಸುತ್ತದೆ. ಮಳೆಗಾಲ ಮುಗಿದು ಹಲಗೆ ಹಾಕಿದ ಮೇಲೆ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ, ಸಾಲಾಗಿ ಕೂತ ಕೆರೆಗಳಾಗುತ್ತದೆ. ಹರಿವು ನಿಂತರೆ ಗಾಳಿಯಿಂದ ಬರುವ ಜಮೆ ಕುಸಿಯುತ್ತದೆ, ಕೊಳೆ ತಳಕ್ಕೆ ಇಳಿದು ಕೆಸರಾಗುತ್ತದೆ, ಮೇಲೆ ಬೆಚ್ಚಗಿನ ಪದರ, ಕೆಳಗೆ ಆಮ್ಲಜನಕವಿಲ್ಲದ ಪದರ. ಏಪ್ರಿಲ್‌ನ ಒಂದು ಅಡ್ಡಮಳೆ ಬಿದ್ದು ಎರಡೂ ಕಲಸಿದರೆ, ಅಥವಾ ಯಾರೋ ತಳದ ಹಲಗೆ ಎತ್ತಿ ಅಡಿಯ ನೀರನ್ನು ಒಮ್ಮೆಲೆ ಕೆಳಗೆ ಬಿಟ್ಟರೆ, ಹೊಸದಾಗಿ ಒಂದು ಹನಿ ಕೊಳೆ ಸೇರದೆಯೂ ಮೀನು ಸಾಯುತ್ತವೆ. ಜೂನ್‌ನ ಮೊದಲ ಹೊಸ ನೀರಿನಲ್ಲೂ ಇದೇ ಕಥೆ. ಹಳ್ಳಗಳಲ್ಲಿ ಎಂಟು ತಿಂಗಳು ಕೂಡಿದ್ದೆಲ್ಲ ಒಂದೇ ಏಟಿಗೆ ಹೊಳೆಗೆ ಬರುತ್ತದೆ. ಹಾಗಾಗಿ ಮೀನು ಸತ್ತ ಕೂಡಲೇ ಹತ್ತಿರದ ಕಾರ್ಖಾನೆಯತ್ತ ಬೆರಳು ತೋರಿಸುವುದು ಆತುರ. ಕಾರ್ಖಾನೆಗೂ ಇದಕ್ಕೂ ಸಂಬಂಧವೇ ಇಲ್ಲ ಎನ್ನುವುದೂ ಅಷ್ಟೇ ಆತುರ. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್‌ನ ಬಿಒಡಿ ಸಂಸ್ಕರಣೆಗೆ ಮೊದಲು 40,000 ದಾಟಬಹುದು. 70 ಕ್ಯೂಸೆಕ್ ಹೊಳೆಗೆ ಅದು ಸಾವಿರಕ್ಕೊಂದು ಪಾಲು ಸೇರಿದರೂ ಬಿಒಡಿ 40 ಏರುತ್ತದೆ. ಹೊರಕ್ಕೆ ಒಂದು ಹನಿಯನ್ನೂ ಬಿಡಬಾರದೆಂಬ ನಿಯಮ ಡಿಸ್ಟಿಲರಿಗಳಿಗೆ ಇರುವುದು ಇದಕ್ಕೇ.

ಈಗ ದೇಶದ ಮಟ್ಟಕ್ಕೆ ಬರೋಣ. ಜಲ ಕಾಯ್ದೆ 1974ರದ್ದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ರಾಷ್ಟ್ರೀಯ ಜಲ ಗುಣಮಟ್ಟ ನಿಗಾ ಶುರು ಮಾಡಿದ್ದು 1978ರಲ್ಲಿ. ಈಗ ಆ ಜಾಲದಲ್ಲಿ 4,000ಕ್ಕೂ ಹೆಚ್ಚು ಕೇಂದ್ರಗಳಿವೆ. ಇದಲ್ಲದೆ ಕೇಂದ್ರ ಜಲ ಆಯೋಗ ನದಿಗಳಲ್ಲಿ ಹರಿವಿನ ಜೊತೆ ಗುಣಮಟ್ಟವನ್ನೂ ಅಳೆಯುತ್ತದೆ. ಘಟಪ್ರಭೆಯ ಮೇಲೆ ಗೋಕಾಕ ಫಾಲ್ಸ್‌ನಲ್ಲಿ, ಮಲಪ್ರಭೆಯ ಮೇಲೆ ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ ಅದರ ಕೇಂದ್ರಗಳಿವೆ. ಅಂತರ್ಜಲದ್ದು ಕೇಂದ್ರ ಅಂತರ್ಜಲ ಮಂಡಳಿಯ ಪಾಲು. ಇಷ್ಟೆಲ್ಲ ಸೇರಿ ದೇಶಕ್ಕೆ ಕೊಡುವುದು ಚೆನ್ನಾದ ಹಿಂದಿನ ಚಿತ್ರ. ಯಾವ ನದಿಯ ಯಾವ ಭಾಗ ವರ್ಷಗಳಿಂದ ಕೆಟ್ಟಿದೆ ಎಂದು ಅದರಿಂದ ಗೊತ್ತಾಗುತ್ತದೆ. 2018ರ ಪಟ್ಟಿಯಲ್ಲಿ ದೇಶದ 351 ನದಿ ಭಾಗಗಳನ್ನು ಮಲಿನವೆಂದು ಗುರುತಿಸಿದಾಗ ಮಲಪ್ರಭೆಯ ಖಾನಾಪುರ–ರಾಮದುರ್ಗ ಭಾಗವೂ ಅದರಲ್ಲಿತ್ತು. ಅಳತೆಗೋಲು ಬಿಒಡಿ: 30 ದಾಟಿದರೆ ಮೊದಲ ಆದ್ಯತೆ, 3ರಿಂದ 6ರೊಳಗಿದ್ದರೆ ಐದನೆಯದು. ಹಣ ಎಲ್ಲಿ ಸುರಿಯಬೇಕು, ಒಳಚರಂಡಿ ಘಟಕ ಎಲ್ಲಿ ಕಟ್ಟಬೇಕು ಎಂಬುದಕ್ಕೆ ಇದು ಸಾಕು. ನಾಳೆ ಬೆಳಿಗ್ಗೆ ಹೊಳೆಯಿಂದ ನೀರೆತ್ತುವ ಜಾಕ್‌ವೆಲ್ ಮೋಟಾರು ಹಾಕಬೇಕೋ ಬೇಡವೋ ಎಂಬುದಕ್ಕೆ ಸಾಲದು. ಬಿಒಡಿ ಪರೀಕ್ಷೆಗೇ 27 ಡಿಗ್ರಿಯಲ್ಲಿ ಮೂರು ದಿನ ಬಾಟಲಿ ಕೂಡಬೇಕು. ಅಂಕಿ ಹೊರಬೀಳುವಷ್ಟರಲ್ಲಿ ಆ ನೀರು ನಿಮ್ಮ ಬಾಂದಾರ ದಾಟಿ ಆಲಮಟ್ಟಿಯ ಹಿನ್ನೀರಿನತ್ತ ಹೊರಟಿರುತ್ತದೆ.

ಮಳೆಯ ಮುನ್ಸೂಚನೆಗೂ ಇದಕ್ಕೂ ಇರುವ ದೊಡ್ಡ ಅಂತರ ಕಂಪ್ಯೂಟರಿನದಲ್ಲ. ಹವಾಮಾನದವರಿಗೆ ಗಂಟೆ ಗಂಟೆಗೂ ಸಾವಿರಾರು ಕಡೆಯಿಂದ ಅಳತೆ ಬರುತ್ತದೆ. ನಿಮ್ಮ ಹೊಳೆಯ ಒಂದು ಕೇಂದ್ರದಿಂದ ವರ್ಷಕ್ಕೆ ಹನ್ನೆರಡು. ಅದಕ್ಕಿಂತ ಮುಖ್ಯವಾದದ್ದು, ಮೋಡಕ್ಕೆ ಮನಸ್ಸಿಲ್ಲ, ಭೌತಶಾಸ್ತ್ರ ಮಾತ್ರ ಇದೆ. ನೀರು ಕೆಡುವುದರಲ್ಲಿ ಮನುಷ್ಯನ ಕೈ ಇದೆ. ರಾತ್ರಿ ಎರಡಕ್ಕೆ ವಾಲ್ವ್ ತಿರುಗಿಸುವ ಕೈಯನ್ನು ಯಾವ ಉಪಗ್ರಹವೂ ಮುಂಚಿತವಾಗಿ ಕಾಣಲಾರದು. ಹಾಗಾಗಿ ನದಿ ನೀರಿನ ಮುನ್ಸೂಚನೆ ಯಾವಾಗಲೂ ‘ಹೀಗಾದರೆ ಹೀಗೆ’ ಎಂಬ ರೂಪದ್ದು. ಹಿಡಕಲ್ ಜಲಾಶಯದಿಂದ ಇಷ್ಟೇ ನೀರು ಬಿಟ್ಟರೆ, ನೀರಿನ ಉಷ್ಣತೆ 30 ದಾಟಿದರೆ, ನಾಲಾಗಳ ಕೊಳೆ ಈಗಿನಷ್ಟೇ ಇದ್ದರೆ, ಇಂಥ ಬಾಂದಾರದಲ್ಲಿ ಆಮ್ಲಜನಕ 4ರ ಕೆಳಗೆ ಇಳಿಯುವ ಸಂಭವ ಇಷ್ಟು, ಅಂತ ಹೇಳಬಹುದು. ಇಷ್ಟು ಹೇಳಲು ಬೇಕಾದ ಮೂರು ಸಂಗತಿಗಳಲ್ಲಿ ಹರಿವು ಮತ್ತು ಉಷ್ಣತೆ ವಾರ ಮೊದಲೇ ಅಂದಾಜಿಗೆ ಸಿಗುತ್ತವೆ. ಸಿಗದಿರುವುದು ಕೊಳೆಯ ಲೆಕ್ಕ. ಸಕ್ಕರೆ ಮತ್ತು ಡಿಸ್ಟಿಲರಿ ಸೇರಿ 17 ಬಗೆಯ ಹೆಚ್ಚು ಮಲಿನಕಾರಿ ಉದ್ಯಮಗಳು ಹೊರಬಿಡುವ ನೀರಿಗೆ ಆನ್‌ಲೈನ್ ಸೆನ್ಸರ್ ಹಾಕಬೇಕೆಂದಿದೆ. ಆದರೆ ಸೆನ್ಸರ್ ಇರುವುದು ಪೈಪಿನ ಬಾಯಲ್ಲಿ. ಊರಿನ ಚರಂಡಿ ಮತ್ತು ಗದ್ದೆಯಿಂದ ಬಸಿಯುವ ನೀರಿಗೆ ಪೈಪೂ ಇಲ್ಲ, ಸೆನ್ಸರೂ ಇಲ್ಲ.

ಅಂತರ್ಜಲದ ಮಾತು ಬೇರೆ. ಅದು ನಿಧಾನ, ಬಂಡೆಯ ಗುಣಕ್ಕೆ ಕಟ್ಟುಬಿದ್ದದ್ದು, ಹಾಗಾಗಿ ಭೂಪಟದಲ್ಲಿ ಮುಂಚಿತವಾಗಿ ಬರೆಯಲು ಒಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಈವಾಗ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಭಾರತದ 12 ಸಾವಿರಕ್ಕೂ ಹೆಚ್ಚು ಬಾವಿಗಳ ಫ್ಲೋರೈಡ್ ಅಂಕಿಗಳನ್ನು ಬಂಡೆ, ಮಣ್ಣು, ಹವೆಯ ನಕ್ಷೆಗಳ ಜೊತೆ ಇಟ್ಟು, ರ್‍ಯಾಂಡಮ್ ಫಾರೆಸ್ಟ್ ಎಂಬ ವಿಧಾನದಿಂದ ಅಳೆಯದ ಜಾಗಗಳಲ್ಲೂ ಫ್ಲೋರೈಡ್ 1.5 ದಾಟುವ ಸಂಭವವನ್ನು ಬರೆದರು. ವಿಧಾನ ಕೇಳಲು ಭಾರೀ ಅನಿಸಿದರೂ ಒಳಗಿನ ತರ್ಕ ನಮ್ಮ ಬಾವಿ ತೋಡುವವರದ್ದೇ: ‘ಇಂಥ ಕಲ್ಲು, ಇಂಥ ಮಣ್ಣು, ಇಂಥ ಮಳೆ ಇರುವ ಕಡೆ ನೀರು ಹಿಂದೆ ಹೇಗಿತ್ತು?’ ಎಂಬ ಪ್ರಶ್ನೆಯನ್ನು ನೂರಾರು ಕವಲುಮರಗಳಿಗೆ ಕೇಳಿ ಬಹುಮತ ತೆಗೆಯುವುದು. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಯೇ ಇದು ಕಾಣುತ್ತದೆ. ಇಳಕಲ್, ಹುನಗುಂದದ ಕಡೆ ಗ್ರಾನೈಟ್ ಮತ್ತು ನೈಸ್. ಫ್ಲೋರೈಡ್ ಇರುವ ಖನಿಜಗಳು ಅಲ್ಲಿ ಸಹಜ. ಕಲಾದಗಿ, ಲೋಕಾಪುರದ ಕಡೆ ಸುಣ್ಣಕಲ್ಲು. ನೀರು ಗಡಸು, ಆದರೆ ಕ್ಯಾಲ್ಸಿಯಂ ಹೆಚ್ಚಿರುವುದರಿಂದ ಫ್ಲೋರೈಡ್ ಅದರ ಜೊತೆ ಸೇರಿ ಕಲ್ಲಾಗಿ ಕೂತುಬಿಡುತ್ತದೆ, ನೀರಿನಲ್ಲಿ ಬಹಳ ಏರುವುದಿಲ್ಲ. ಮೃದು ನೀರು ರುಚಿ ಎನ್ನುತ್ತೇವೆ. ಗ್ರಾನೈಟ್ ಸೀಮೆಯಲ್ಲಿ ಸೋಡಿಯಂ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ ಇರುವ ಮೃದು ನೀರೇ ಫ್ಲೋರೈಡಿಗೆ ಬಾಗಿಲು ತೆರೆಯುವುದು. ವಿಜಯಪುರದ ಕರಿನೆಲ, ಅಡಿಯ ಕರಿಕಲ್ಲು ಬೇರೆಯೇ: ಅಲ್ಲಿ ತೊಂದರೆ ಸವಳು. ಡೋಣಿ ನದಿಯನ್ನು ನೋಡಿ. ‘ಡೋಣಿ ಬೆಳೆದರೆ ಓಣೆಲ್ಲ ಕಾಳು’ ಅಂತ ಹೊಗಳಿದ ನದಿಯ ನೀರು ಕುಡಿಯಲು ಬಾರದಷ್ಟು ಉಪ್ಪು. ಅಂಥ ನದಿಯಲ್ಲಿ ಹರಿವು ತಗ್ಗಿದಂತೆ ಇಸಿ ಏರುವುದು ಎಷ್ಟು ಕರಾರುವಾಕ್ಕೆಂದರೆ, ಹರಿವಿನ ಅಳತೆಯೊಂದರಿಂದಲೇ ಉಪ್ಪನ್ನು ಅಂದಾಜಿಸಬಹುದು. ಬಿಒಡಿಗೆ ಈ ಸೌಭಾಗ್ಯವಿಲ್ಲ.

ಆದರೂ ನಕ್ಷೆಯಲ್ಲಿ ಹಸಿರು ಬಣ್ಣ ಇದೆ ಅಂತ ನಿಮ್ಮ ಬೋರ್‌ಗೆ ಪರೀಕ್ಷೆ ಬಿಡಬೇಡಿ. ಇನ್ನೂರು ಮೀಟರ್ ಅಂತರದ ಎರಡು ಬೋರ್‌ಗಳು ಎರಡು ಬೇರೆ ಬಿರುಕಿನಿಂದ ನೀರು ಎಳೆಯುತ್ತಿರಬಹುದು. ಹಳೆಯ ಬೋರ್ ಬತ್ತಿ ಇನ್ನೂರು ಅಡಿ ಇನ್ನೂ ಆಳಕ್ಕೆ ಹೋದಾಗ ಸಿಕ್ಕಿದ ನೀರು ಹೊಸ ಮೂಲವೆಂದೇ ತಿಳಿದು ಮೊದಲಿನಿಂದ ಪರೀಕ್ಷೆ ಮಾಡಿಸಬೇಕು. ಉಪಗ್ರಹದ ಬಗ್ಗೆಯೂ ಅಷ್ಟೇ. ಸೆಂಟಿನೆಲ್–2ರ ಚಿತ್ರಗಳಲ್ಲಿ 10 ಮೀಟರ್ ಚೌಕದವರೆಗೆ ವಿವರ ಸಿಗುತ್ತದೆ, ಆಲಮಟ್ಟಿ ಹಿನ್ನೀರಿನ ಪಾಚಿ ಮತ್ತು ರಾಡಿ ಅದರಲ್ಲಿ ಕಾಣುತ್ತವೆ. ನೈಟ್ರೇಟ್, ಫ್ಲೋರೈಡ್, ರೋಗಾಣು ಯಾವುದಕ್ಕೂ ಬಣ್ಣವಿಲ್ಲ, ಅವು ಕಾಣುವುದಿಲ್ಲ. ಮಳೆಗಾಲದಲ್ಲಿ ಮೋಡ ಮುಚ್ಚಿ ಅದೂ ಕುರುಡು.

ಯಾರಾದರೂ ನಿಮ್ಮ ಪಂಚಾಯಿತಿಗೆ ‘ಶೇ 95 ನಿಖರ’ ಎಂದು ಮುನ್ಸೂಚನೆಯ ಕಂಪ್ಯೂಟರ್ ಮಾದರಿ ಮಾರಲು ಬಂದರೆ ಮೂರು ಮಾತು ಕೇಳಿ. ನೂರರಲ್ಲಿ ಐದೇ ದಿನ ನೀರು ಕೆಟ್ಟಿರುವ ಕಡೆ ಸದಾ ‘ನೀರು ಚೆನ್ನಾಗಿದೆ’ ಅನ್ನುವ ಗಿಳಿಯೂ ಶೇ 95 ಸರಿ. ಆ ಐದು ಕೆಟ್ಟ ದಿನಗಳಲ್ಲಿ ಎಷ್ಟನ್ನು ಹಿಡಿದಿರಿ? ಪರೀಕ್ಷೆಗಿಟ್ಟ ಅಂಕಿಗಳು ಮಾದರಿ ಮೊದಲೇ ನೋಡಿದ ಬಾವಿಗಳದ್ದೋ, ಎಂದೂ ನೋಡದ ಬಾವಿಗಳದ್ದೋ? ಒಂದೇ ಬಾವಿಯ ಮೇ ಅಂಕಿ ಕಲಿಯಲು, ಅಕ್ಟೋಬರ್ ಅಂಕಿ ಪರೀಕ್ಷೆಗೆ ಇಟ್ಟರೆ ಅದು ಉತ್ತರ ಪತ್ರಿಕೆ ನೋಡಿ ಬರೆದ ಪರೀಕ್ಷೆ. ಮೂರನೆಯದು, ‘ಕಳೆದ ವರ್ಷ ಇದೇ ತಿಂಗಳು ಎಷ್ಟಿತ್ತೋ ಅಷ್ಟೇ’ ಎನ್ನುವ ಅಂದಾಜಿಗಿಂತ ಇದು ಎಷ್ಟು ಮೇಲು? ಮೇಲಲ್ಲದಿದ್ದರೆ ಕ್ಯಾಲೆಂಡರ್ ಸಾಕು, ದುಡ್ಡು ಉಳಿಯುತ್ತದೆ.

ಇನ್ನು ಪಂಚಾಯಿತಿ ಏನು ಮಾಡಬಹುದು? ಒಂದು ನೋಟ್‌ಬುಕ್ ಇಡಬಹುದು. ನಿಮ್ಮ ಊರ ಮಟ್ಟಿಗೆ ಎರಡು ವರ್ಷದ ಆ ನೋಟ್‌ಬುಕ್, ದೇಶದ ಯಾವ ನಕ್ಷೆಗಿಂತಲೂ ಒಳ್ಳೆಯ ಮುನ್ಸೂಚಕ.

ಬೋರ್‌ಗೆ ತಿಂಗಳಿಗೊಮ್ಮೆ ಇಸಿ. ಮೀಟರನ್ನು ಪ್ರತಿ ಸಲ 1,413ರ ಪ್ರಮಾಣ ದ್ರಾವಣದಲ್ಲಿ ಅದ್ದಿ ಸರಿಪಡಿಸಿಕೊಳ್ಳಿ. ಮೋಟಾರು ಹಾಕಿ 10–15 ನಿಮಿಷ ಓಡಿಸಿ, ಇಸಿ ಮತ್ತು ಉಷ್ಣತೆ ಒಂದೇ ಕಡೆ ನಿಂತ ಮೇಲೆ ಬರೆಯಿರಿ. ಮೊದಲು ಬರುವುದು ಪೈಪಿನಲ್ಲಿ ನಿಂತ ನೀರು, ಅದರ ಅಂಕಿ ಯಾರಿಗೂ ಬೇಡ. ಟಿಡಿಎಸ್ ಮೀಟರ್ ಆದರೂ ನಡೆಯುತ್ತದೆ, ಆದರೆ ಅದು ಅಳೆಯುವುದು ಇಸಿಯನ್ನೇ. ಒಂದು ಕಂಪನಿಯದ್ದು 0.5ರಿಂದ, ಇನ್ನೊಂದರದ್ದು 0.7ರಿಂದ ಗುಣಿಸಿ ತೋರಿಸುವುದರಿಂದ ಒಂದೇ ನೀರಿಗೆ ಎರಡು ಮೀಟರ್ ಎರಡು ಅಂಕಿ ಕೊಡುತ್ತವೆ. ಇಸಿ ಹಿಂದಿನ ಮೂರು ತಿಂಗಳಿಗಿಂತ ಐದರಲ್ಲೊಂದು ಪಾಲು ಏರಿದರೆ ನೈಟ್ರೇಟ್ ಪರೀಕ್ಷೆಗೆ ಕಳಿಸಿ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಹೇಗೂ ಕಳಿಸಬೇಕು. ನೈಟ್ರೇಟಿನ ಬಾಟಲಿ ಐಸ್ ಡಬ್ಬಿಯಲ್ಲಿ ಹೋಗಲಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು, ಅದರ ತಳದ ಬಿಳಿ ಪುಡಿ ಕ್ಲೋರಿನ್ ಮುರಿಯುವ ಥಯೋಸಲ್ಫೇಟ್. ‘ಕಸ ಇದೆ’ ಅಂತ ತೊಳೆದು ಚೆಲ್ಲಬಾರದು.

ಬಾಂದಾರಕ್ಕೆ ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ವಾರಕ್ಕೊಮ್ಮೆ ಕರಗಿದ ಆಮ್ಲಜನಕ, ಬೆಳಿಗ್ಗೆ ಐದೂವರೆಯಿಂದ ಆರೂವರೆಯೊಳಗೆ. ಮೀಟರ್ ಬೇಕಿಲ್ಲ, ವಿಂಕ್ಲರ್ ವಿಧಾನ ಸಾಕು. 300 ಮಿ.ಲೀ. ಗಾಜಿನ ಬಾಟಲಿಯನ್ನು ನೀರೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ. ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಕ್ಷಾರ–ಅಯೋಡೈಡ್–ಅಜೈಡ್ 2 ಮಿ.ಲೀ., ಎರಡನ್ನೂ ಪಿಪೆಟ್ ತುದಿ ನೀರೊಳಗೆ ಇಟ್ಟು ಬಿಡಿ. ಬಿರಡೆ ಹಾಕಿ ಹದಿನೈದು ಸಲ ಮಗುಚಿ. ಬಾಟಲಿಯೊಳಗೆ ಮೋಡದಂತೆ ಹಿಂಜಿದ ಗಷ್ಟು (ಗಸಿ) ಏಳುತ್ತದೆ. ಚಹಾದ ಬಣ್ಣಕ್ಕಿದ್ದರೆ ಆಮ್ಲಜನಕ ಇದೆ. ಹಾಲಿನ ಹಾಗೆ ಬೆಳ್ಳಗಿದ್ದರೆ ಇಲ್ಲವೇ ಇಲ್ಲ. ಇಷ್ಟಕ್ಕೇ ಅರ್ಧ ಉತ್ತರ ಸಿಕ್ಕಿತು. ಗಷ್ಟು ಇಳಿದ ಮೇಲೆ ಸಲ್ಫ್ಯೂರಿಕ್ ಆಮ್ಲ 2 ಮಿ.ಲೀ. ಹಾಕಿದರೆ ಕರಗಿ ಹಳದಿಯಾಗುತ್ತದೆ. ಅದನ್ನು ಕತ್ತಲಲ್ಲಿಟ್ಟು ಅದೇ ದಿನ ಬೆಳಿಗ್ಗೆಯೇ ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಒಯ್ದು ಥಯೋಸಲ್ಫೇಟಿನಿಂದ ಅಳೆಸಿ. 200 ಮಿ.ಲೀ. ನೀರಿಗೆ 0.025 ನಾರ್ಮಲ್ ದ್ರಾವಣ ಎಷ್ಟು ಮಿ.ಲೀ. ಹಿಡಿಯಿತೋ ಆಮ್ಲಜನಕ ಸುಮಾರು ಅಷ್ಟೇ. ಅಜೈಡ್ ವಿಷ, ಆಮ್ಲ ಸುಡುತ್ತದೆ; ಕೈಗವಸು, ಕನ್ನಡಕ ಇಲ್ಲದೆ ಯಾರೂ ಮುಟ್ಟಬಾರದು, ಶಾಲಾ ಮಕ್ಕಳ ಕೈಗೆ ಕೊಡಲೇಬಾರದು. ಅದೇ ಸಾಲಿನಲ್ಲಿ ನೀರಿನ ಉಷ್ಣತೆ, ಬಾಂದಾರದ ಮೇಲೆ ನೀರು ಹರಿಯುತ್ತಿದೆಯೋ ಇಲ್ಲವೋ, ಬಣ್ಣ, ವಾಸನೆ ಬರೆದಿಡಿ. ನಸುಕಿನ ಅಂಕಿ 4ರ ಕೆಳಗೆ ಬಂದರೆ ವಾರದ ಬದಲು ದಿನವೂ ನೋಡಿ. 3ರ ಕೆಳಗೆ ಬಂದರೆ ಮೇಲಿನಿಂದ ನೀರು ಬಿಡಲು ನೀರಾವರಿ ಇಲಾಖೆಗೆ ಬರೆಯುವ ಹೊತ್ತು ಅದೇ. ಮೀನು ತೇಲಿದ ಮೇಲೆ ಬರೆದರೆ ಉಪಯೋಗವಿಲ್ಲ.

ಮೂರನೆಯ ಅಳತೆ ದಿನದ್ದು: ಕೊನೆಯ ಓಣಿಯ ಕೊನೆಯ ನಳದಲ್ಲಿ ಉಳಿದ ಕ್ಲೋರಿನ್. ಮಾನಕದ ಪ್ರಕಾರ ಕನಿಷ್ಠ 0.2. ಹೊಳೆ ನೀರನ್ನೇ ಟ್ಯಾಂಕಿಗೆ ಏರಿಸುವ ಊರಿಗೆ ಇದಕ್ಕಿಂತ ಅಗ್ಗದ ಎಚ್ಚರಿಕೆ ಗಂಟೆ ಇನ್ನೊಂದಿಲ್ಲ. ಕೊಳೆ ನೀರು ಬಂದಾಗ ಅದರ ಜೊತೆ ಅಮೋನಿಯಾ ಬರುತ್ತದೆ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ಸುಮಾರು ಎಂಟರಿಂದ ಹತ್ತು ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. 50,000 ಲೀಟರ್ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ ಬೇಕಾದ ಕ್ಲೋರಿನ್ 100 ಗ್ರಾಂ, ಅಂದರೆ ಶೇ 25ರ ಬ್ಲೀಚಿಂಗ್ ಪೌಡರ್ 400 ಗ್ರಾಂ. ವಾಟರ್‌ಮನ್ ದಿನವೂ ಅಷ್ಟೇ ಹಾಕುತ್ತಿದ್ದರೂ ಒಂದು ದಿನ ತುದಿಯ ನಳದ ನೀರಿನಲ್ಲಿ ಕ್ಲೋರಿನ್ ಪರೀಕ್ಷೆಗೆ ಬಣ್ಣವೇ ಬರಲಿಲ್ಲ ಅಂದರೆ ಮುಖ್ಯ ಕಾರಣ ಎರಡು: ಚೀಲ ಹಳತಾಗಿ ಪೌಡರ್ ಸತ್ತಿದೆ, ಇಲ್ಲವೇ ಹೊಳೆಯಲ್ಲಿ ಏನೋ ಬಂದಿದೆ. ಅದೇ ಪೌಡರನ್ನು ಬೋರ್ ನೀರಿನ ಬಕೆಟಿಗೆ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಹಳದಿ ಬಣ್ಣ ಕೊಡುವ ಓಟಿ ದ್ರಾವಣ ಬಳಸುವವರು ಐದು–ಹತ್ತು ಸೆಕೆಂಡಿನೊಳಗೆ ಓದಬೇಕು. ಬಿಟ್ಟು ಓದಿದರೆ ಅಮೋನಿಯಾ ಜೊತೆ ಕೂಡಿದ ದುರ್ಬಲ ಕ್ಲೋರಿನ್ ಕೂಡ ಹಳದಿ ತೋರಿಸಿ, ನಿಮ್ಮ ಗಂಟೆ ಬಾರಿಸುವುದೇ ಇಲ್ಲ. ಗುಲಾಬಿ ಬಣ್ಣದ ಡಿಪಿಡಿ ಮಾತ್ರೆ ಈ ಕೆಲಸಕ್ಕೆ ಮೇಲು.

ಇನ್ನೊಮ್ಮೆ ಮೀನು ತೇಲಿದರೆ ಮೊದಲ ಗಂಟೆಯಲ್ಲೇ ಮೂರು ಕಡೆ ಬಾಟಲಿ ತುಂಬಿ: ಸತ್ತ ಜಾಗ, ಅದರ ಮೇಲಿನ ಬಾಂದಾರ, ಕೆಳಗಿನ ಬಾಂದಾರ. ಮೇಲ್ಮೈಯಿಂದ ಅರ್ಧ ಮೀಟರ್ ಕೆಳಗಿನದೊಂದು, ತಳದ ಹತ್ತಿರದ್ದೊಂದು. ಗಷ್ಟು ಎಲ್ಲೆಡೆ ಬೆಳ್ಳಗಿದ್ದರೆ ಕೊಳೆ ಅಥವಾ ತಳದ ನೀರು ಮೇಲೆದ್ದದ್ದು. ಚಹಾ ಬಣ್ಣವಿದ್ದು ಮೀನು ಸತ್ತಿದ್ದರೆ ಕೀಟನಾಶಕ ಅಥವಾ ಅಮೋನಿಯಾ ಸಂಶಯ. ಆಗ ಪಿಎಚ್ ಕೂಡ ನೋಡಿ, ಯಾಕೆಂದರೆ 30 ಡಿಗ್ರಿ ನೀರಿನಲ್ಲಿ ಪಿಎಚ್ 7.5 ಇದ್ದಾಗ ಅಮೋನಿಯಾದ ಶೇ 2.5 ಭಾಗ ಮಾತ್ರ ಮೀನಿಗೆ ವಿಷ, 8.5 ಇದ್ದಾಗ ಶೇ 20. ಒಂದು ಲೀಟರ್ ನೀರನ್ನು ಬಣ್ಣದ ಗಾಜಿನ ಬಾಟಲಿಯಲ್ಲಿ, ಎರಡು ಮೀನನ್ನು ಐಸಿನಲ್ಲಿ ಇಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಬಾಟಲಿಯ ಚೀಟಿಯ ಮೇಲೆ ತಾರೀಖಿನ ಜೊತೆ ಗಂಟೆಯನ್ನೂ ಬರೆಯಿರಿ. ಆರು ಗಂಟೆಯ 1.2ಕ್ಕೂ ಹನ್ನೊಂದರ 6.8ಕ್ಕೂ ಅದೇ ಹೊಳೆ, ಅದೇ ದಿನ.